ಅಲಗಿನ ಬುಡದ ಬಿರುಕು

"ಇಲ್ಲಿ ನೋಡಿ ಡಾಕ್ಟ್ರೇ, ಮಜಾ ಇದೆ," ಎನ್ನುತ್ತ ಕ್ಯಾಪ್ಟನ್ ಮರ್ಸರ್ ಜೆಟ್ ಎಂಜಿನ್ನಿನೊಳಗೆ ತಿರುಗುವ ಅಲಗುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಸೋತ ಜರ್ಮನಿಯಿಂದ ಅಮೆರಿಕದ ಒಹಾಯೊಗೆ ಹೊತ್ತು ತಂದ ಯುದ್ಧವಿಮಾನಗಳಿಂದ ಬಿಚ್ಚಿದವು ಅವು. ವಿಮಾನಗಳ ಹಿಂದೆಯೇ ಬಂದಿಳಿದಿದ್ದ ಜರ್ಮನ್ ಎಂಜಿನಿಯರ್ ಡಾ. ಎಹ್ಲರ್ಸ್ ಬಾಗಿ ನೋಡಿದ. ಪ್ರತಿಯೊಂದೂ ಬುಡದ ಅದೇ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

"ಬೆಸುಗೆಯವರ ತಪ್ಪೇನಿಲ್ಲ ಬಿಡಿ. ನಿಮ್ಮ ನಕ್ಷೇನೇ ಹಾಗಿದೆ. ಮೂಲೆ ಇಷ್ಟು ಚೂಪಾಗಿದ್ರೆ ದೇವರೇ ಬಂದು ಬೆಸೆದ್ರೂ ಸೀಳತ್ತೆ," ಎಂದ ಮರ್ಸರ್.

ಎಹ್ಲರ್ಸ್ ಒಂದು ಅಲಗನ್ನು ಎತ್ತಿಕೊಂಡ. ಯುದ್ಧದ ಕಾಲದಲ್ಲಿ, ಕೈದಿಗಳನ್ನು ದುಡಿಸುತ್ತಿದ್ದ ಸುರಂಗದೊಳಗಿನ ಕಾರ್ಖಾನೆಯಲ್ಲಿ, ಇಂಥದೇ ಒಂದನ್ನು ಕಾವಲಿನ ಅಧಿಕಾರಿಯ ಮುಖಕ್ಕೆ ಹಿಡಿದು, "ಇದು ಬೇಕಂತಲೇ ಕೆಡಿಸಿದ್ದು," ಎಂದಿದ್ದ. ಬೆಸುಗೆ ಹಾಕುತ್ತಿದ್ದ ಪೋಲೆಂಡಿನ ಕೈದಿ ಎಹ್ಲರ್ಸ್‌ನ ತೋಳು ಹಿಡಿದು, "ನಾನಲ್ಲ ಸ್ವಾಮಿ, ಆ ಮೂಲೆ ನೋಡಿ, ಮೂಲೆ ನೋಡಿ," ಎಂದು ಗೋಗರೆದಿದ್ದ. ನಕ್ಷೆಯಲ್ಲಿ ಆ ಮೂಲೆ ಬರೆದ ಕೈ ಎಹ್ಲರ್ಸ್‌ನದೇ. ಅವನು ಕೈದಿಯನ್ನು ಕೊಡವಿ, ಅಂಗಿಯ ತೋಳಿಗೆ ಹತ್ತಿದ ಮಸಿ ಒರೆಸಿಕೊಂಡಿದ್ದ. ಅವತ್ತೇ ಸಂಜೆ, ಎಲ್ಲರಿಗೂ ಕಾಣಲೆಂದು, ಕೈದಿಯನ್ನು ಕ್ರೇನಿಗೆ ನೇಣು ಹಾಕಿದರು.

"ಅಷ್ಟೊಂದು ಜನ ಇದ್ರಿ, ಒಬ್ರಿಗೂ ಹೊಳೀಲಿಲ್ವಾ?" ಮರ್ಸರ್ ನಕ್ಕ.

"ಒಬ್ಬ ಹೇಳಿದ್ದ," ಎಂದುಬಿಟ್ಟ ಎಹ್ಲರ್ಸ್.

ಮರ್ಸರನ ಮುಖ ಅರಳಿತು. "ಅಂಥೋನೇ ಬೇಕು ನಮಗೆ! ನಿಮ್ಮನ್ನ ಕರೆಸ್ಕೊಂಡ ಹಾಗೇ ಅವನನ್ನೂ ಕರೆಸ್ಕೊಳ್ಳೋಣ. ಏನವನ ಹೆಸರು?"

ಎಹ್ಲರ್ಸ್ ಶುಭ್ರವಾಗಿದ್ದ ಅಂಗಿಯ ತೋಳನ್ನು ಒರೆಸಿಕೊಳ್ಳತೊಡಗಿದ. ಹೆಸರನ್ನು ಅವನು ಕೇಳಿಯೇ ಇರಲಿಲ್ಲ.