ಕಾದಂಬರಿಯ ಕಾಯಿದೆ

ಓಬಣ್ಣ ಚಳ್ಳಕೆರೆಯಿಂದ ಗಾಡಿ ಕಟ್ಟಿಸಿಕೊಂಡು ಮೊಳಕಾಲ್ಮೂರಿಗೆ ಬಂದವನು, ಕಾಲು ಕೂಡ ತೊಳೆಯದೆ ಮಗ್ಗದ ಮುಂದೆ ನಿಂತು ಕಣ್ಣೀರು ಹಾಕಿದ. ಕಂಕುಳಲ್ಲೊಂದು ಕಾದಂಬರಿ. ಪಾಲಮ್ಮ ತನ್ನ ಮದುವೆ ಸೀರೆಯನ್ನು ತಾನೇ ನೇಯುತ್ತಿದ್ದಳು. ಸೋದರಮಾವನ ಮಗ ಓಬಣ್ಣನೇ ಗಂಡನೆಂದು ತೊಟ್ಟಿಲಲ್ಲೇ ನಿಶ್ಚಯವಾಗಿತ್ತು.

“ನಮ್ಮ ಮದ್ವೆ ಆಗಾದಿಲ್ಲ ಪಾಲೀ. ಅಪ್ಪಂಗೆ ಬಳ್ಳಾರಿ ಸಾಹುಕಾರನ ಮಗಳೇ ಬೇಕಂತೆ. ನಿನ್ನ ಕಟ್ಕೊಂಡ್ರೆ ಹೊಲಾನೆಲ್ಲ ನನ್ನ ತಮ್ಮನ ಹೆಸರಿಗೆ ಉಯಿಲು ಬರೀತಾನಂತೆ. ಈ ಕಾದಂಬರಿಯಾಗೂ ಹಿಂಗೇ ಐತೆ. ಅಪ್ಪ ಉಯಿಲು ಬರೀತಾನೆ, ಮಗ ಅಳ್ತಾ ಹುಡುಗೀನ ಬಿಟ್ಟು ಹೋಗ್ತಾನೆ. ಓದಿದ್ರೆ ಕಲ್ಲೂ ಕರಗ್ತೈತೆ.”

ಎಸೆಯಬೇಕಿದ್ದ ಲಾಳಿ ಪಾಲಮ್ಮನ ಕೈಯಲ್ಲೇ ಉಳಿಯಿತು. ಆಮೇಲೆ ಅವಳಿಗೆ ಏನೋ ಹೊಳೆಯಿತು.

“ಹೊಲ ಮಾವ ದುಡಿದು ಕೊಂಡಿದ್ದಾ, ತಾತನ ಕಾಲದ್ದಾ?”

“ಎಲ್ಲಾ ತಾತನ ಕಾಲದ್ದೇ.”

“ಹಂಗಾರೆ ಅಳಬೇಡ ಬಾವ!” ಅವಳು ನಕ್ಕೇಬಿಟ್ಟಳು. “ಅವ್ವನ್ನ ಕಟ್ಕೋತೀನಿ ಅಂದಾಗ ನಮ್ಮಪ್ಪಂಗೂ ಅವರಪ್ಪ ಹಿಂಗೇ ಹೆದರಿಸಿದ್ರಂತೆ. ಅಪ್ಪ ಸೀದಾ ಹೋಗಿ ವಕೀಲರನ್ನ ಕೇಳ್ಕೊಂಡು ಬಂದ. ಪಿತ್ರಾರ್ಜಿತ ಆಸ್ತಿಯಾಗೆ ಮಗಂಗೆ ಹುಟ್ಟಿದಾಗಲೇ ಪಾಲು ಐತಂತೆ. ಉಯಿಲು ಬರ್ದು ಅದನ್ನ ಕಿತ್ಕಳಾಕೆ ಯಾವಪ್ಪನ ಕೈಲೂ ಆಗಾದಿಲ್ಲ. ನಿನ್ನ ಕಾದಂಬರಿ ಬರೆದ ಪುಣ್ಯಾತ್ಮ ಯಾವ ವಕೀಲನನ್ನೂ ಕೇಳಿಲ್ಲ, ಅಷ್ಟೆ.”

ಈಗ ಅವನ ಮುಖ ಅರಳಬೇಕಿತ್ತು. ಪಾಲಮ್ಮ ಆಸೆಯಿಂದ ಕಾದಳು. ಅರಳುವುದಿರಲಿ, ಇದ್ದ ಕಳೆಯೂ ಇಳಿದುಹೋಯಿತು.

“ಆದ್ರೂ... ಅಪ್ಪನ ಮಾತು ಮೀರಾದು... ಜನ ಏನಂತಾರೆ...” ಎಂದು ಓಬಣ್ಣ ಪುಸ್ತಕವನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಾಯಿಸಿದ.

ಪಾಲಮ್ಮನಿಗೆ ಎಲ್ಲ ತಿಳಿದುಹೋಯಿತು. ಹೊಲ ಉಳಿಯಿತು, ಹೊಲದ ನೆಪ ಹೋಯಿತು. ಅವಳಿಗೆ ಸಿಟ್ಟು ಬಂತು, ಸಂಕಟವೂ ಆಯಿತು. ಆದರೆ ಇಂಥವನ ಮುಂದೆ ಅಳಲು ಅವಳೇನು ಕಾದಂಬರಿಯ ಹುಡುಗಿಯೇ?

“ಬಿಸಿಲು ಜೋರೈತೆ. ಅವ್ವ ಮಜ್ಜಿಗೆ ಕೊಡ್ತಾಳೆ, ಕುಡ್ಕೊಂಡು ಹೊರಡು,” ಎಂದಳು.

ಗಾಡಿ ಬೀದಿಯ ತಿರುವು ದಾಟಿದ ಮೇಲೆ ಅಪ್ಪ ವೆಂಕಟಪ್ಪ ಒಳಮನೆಯಿಂದ ಬಂದ. ಅವನಿಗೆ ಎಲ್ಲವೂ ಕೇಳಿಸಿತ್ತು. ಅರ್ಧ ನೇಯ್ದ ಸೀರೆಯ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದ:

“ಏಮ್ಮಾ, ಇದನ್ನ ಇಲ್ಲಿಗೇ ಕೊಯ್ದುಬಿಡನಾ?”

“ಯಾಕಪ್ಪಾ? ಸೀರೆ ನಂದು. ಉಡೋಳು ನಾನು,” ಎಂದು ಪಾಲಮ್ಮ ಲಾಳಿ ಎಸೆದಳು. “ಸೆರಗಿಗೆ ಇನ್ನೊಂಚೂರು ಜರಿ ತಗಂಬಾ.”