ಹೆಗಲು ಕೊಟ್ಟವನು

ಆಸ್ಟ್ರೇಲಿಯಾದ ಫುಟ್‌ಬಾಲ್‌ನಲ್ಲೊಂದು ಪದ್ಧತಿಯಿದೆ. ನಿವೃತ್ತನಾಗುವ ಆಟಗಾರನನ್ನು ಕೊನೆಯ ಪಂದ್ಯ ಮುಗಿದ ಮೇಲೆ ಜೊತೆಯವರು ಹೆಗಲ ಮೇಲೆ ಕೂರಿಸಿಕೊಂಡು ಮೈದಾನದಿಂದ ಆಚೆ ಕರೆತರುತ್ತಾರೆ. ಆಡುವ ಅವಕಾಶ ಸಿಗದೆ ಹನ್ನೊಂದು ವರ್ಷ ಬೆಂಚು ಬಿಸಿ ಮಾಡಿದ ಒಬ್ಬ ಬದಲಿ ಆಟಗಾರನಿಗೆ ಕ್ಲಬ್ಬಿನಲ್ಲಿ ಸಿಕ್ಕಿದ್ದ ಖಾಯಂ ಕೆಲಸ ಅದೊಂದೇ.

"ನೀನೇ ಹೊರು ಮಾರಾಯ, ಆಡಿ ಸುಸ್ತಾಗಿರೋನಲ್ಲ ನೀನು," ಅನ್ನುತ್ತಿದ್ದ ಕೋಚ್.

ಮೂವತ್ತನಾಲ್ಕನೇ ವಯಸ್ಸಿನಲ್ಲಿ ಅವನು ಒಂದೇ ಪಂದ್ಯದಲ್ಲಿ ಎಂಟು ಗೋಲು ಹೊಡೆದ. ಟೀವಿ ವರದಿಗಾರ್ತಿ ಮೈಕು ಹಿಡಿದು ಓಡಿಬಂದಳು.

"ಈ ವಯಸ್ಸಲ್ಲಿ ತಂಡಕ್ಕೇ ನಂಬರ್ ಒನ್! ಏನು ಸರ್ ಗುಟ್ಟು? ಹೊಸ ವ್ಯಾಯಾಮಾನಾ? ಡಯಟ್ಟಾ?"

"ಅಂಥದ್ದೇನಿಲ್ಲ ಮೇಡಂ," ಅವನು ಬೆವರು ಒರೆಸಿಕೊಂಡ. "ನನಗಿಂತ ಚೆನ್ನಾಗಿ ಆಡ್ತಿದ್ದೋರನ್ನೆಲ್ಲ ಒಬ್ಬೊಬ್ಬರನ್ನೇ ಹೊತ್ಕೊಂಡು ಹೋಗಿ ನಾನೇ ಆಚೆ ಬಿಟ್ಟುಬಂದೆ."