ಮೊಣಕೈಯಿಂದ ನಾಲ್ಕು ಬೆರಳು

"ಅಡುಗೆ ಮಾಡೋರು ಯಾರು? ಬಂದು ಇಲ್ಲಿ ನಿಂತ್ಕೊಳ್ಳಿ," ಎಂದ ಮೇಸ್ತ್ರಿ, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆಯುತ್ತಾ. "ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಕಟ್ಟೆ ಬಂದ್ರೆ ಭುಜಕ್ಕೆ ಸುಖ."

ಗ್ಯಾರೇಜಿನ ಷಟರ್ ಕಿತ್ತು ಮೂರು ದಿನವಾಗಿತ್ತು. ಕಾರು ಬೀದಿಪಾಲಾಗಿತ್ತು. ಅದು ನಿಲ್ಲುತ್ತಿದ್ದ ಕಡೆ, ನೆಲದ ಎಣ್ಣೆಕಲೆಯ ಮೇಲೆಯೇ, ಒಲೆ ಎಲ್ಲಿ, ಸಿಂಕ್ ಎಲ್ಲಿ ಎಂದು ಸುಣ್ಣದಲ್ಲಿ ಗುರುತು ಹಾಕಿದ್ದರು. ಮುದುಕಿ ಅತ್ತೆ ಸಿಮೆಂಟ್ ಚೀಲದ ಪಕ್ಕ ಸ್ಟೂಲ್ ಹಾಕಿಸಿಕೊಂಡು, ಮೊದಲ ದಿನದಿಂದ ಅಲ್ಲೇ ಕಾವಲು. ಸೊಸೆ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬರುವಷ್ಟರಲ್ಲಿ ಗಂಡ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ.

"ತಗೊಳ್ಳಿ ಅಳತೆ."

"ಅಡುಗೆ ನೀವೇ ಮಾಡ್ತೀರಾ ಸಾರ್?"

"ನಾನ್ಯಾಕೆ ಮಾಡ್ಲಿ? ಇವಳ ಎತ್ತರಕ್ಕೆ ಕಟ್ಟಿದ್ರೆ ಗೊಂಬೆಯಾಟದ ಅಡುಗೆಮನೆ ಆಗುತ್ತೆ. ನಾಳೆ ಮನೆ ಮಾರೋ ಕಾಲ ಬಂದ್ರೆ ಕೊಳ್ಳೋರು ನೋಡಿ ನಗಲ್ವಾ? ಒಳಗಿನ ಹಳೇ ಕಟ್ಟೆ ಹಾಗೇ ಮೂವತ್ತಾರು ಇಂಚು ಇಡಿ."

ಹದಿನೆಂಟು ವರ್ಷ ಅವಳು ಆ ಮೂವತ್ತಾರು ಇಂಚಿನ ಮುಂದೆ ತುದಿಗಾಲಲ್ಲಿ ನಿಂತು ಬೇಯಿಸಿದ್ದಳು. ದೊಡ್ಡ ಪಾತ್ರೆಯ ತಳ ಅವಳ ಕಣ್ಣಿಗೆ ಬೀಳುತ್ತಿದ್ದುದು ತೊಳೆಯುವಾಗ ಮಾತ್ರ. ಬಲಗೈ ಈಗೀಗ ತಲೆ ಬಾಚುವುದಕ್ಕೂ ಮೇಲೇಳುತ್ತಿರಲಿಲ್ಲ. ಆದರೂ ಕಟ್ಟೆ ಯಾಕೆ ಅಷ್ಟೆತ್ತರ ಎಂದು ಅವಳು ಯಾರನ್ನೂ ಕೇಳಿದವಳಲ್ಲ. ಆಕಾಶ ಯಾಕೆ ಅಷ್ಟೆತ್ತರ ಎಂದು ಯಾರಾದರೂ ಕೇಳುತ್ತಾರೆಯೇ? ಅವಳು ಈ ಮನೆಗೆ ಬರುವಾಗಲೇ ಅದು ಅಲ್ಲಿತ್ತು, ಅಷ್ಟೆ. ಕಾರಿನ ಜಾಗ ಕೇಳುವುದಕ್ಕೇ ಒಂದು ವರ್ಷ ಹಿಡಿದಿತ್ತು. ಇನ್ನು ಐದಾರು ಇಂಚು ಕೇಳುವುದಕ್ಕೆ ಎಷ್ಟು ವರ್ಷವೋ. ಆದರೂ ಕೇಳಿದಳು.

"ಕೊಳ್ಳೋರು ಬರೋ ತನಕ ಬೇಯ್ಸೋಳು ನಾನಲ್ವಾ?"

"ನಿಂಗೆ ಅಭ್ಯಾಸ ಆಗಿದೆಯಲ್ಲೇ," ಎಂದ ಗಂಡ, ಸಮಾಧಾನ ಹೇಳುವವನ ಹಾಗೆ.

ಸ್ಟೂಲಿನಿಂದ ಅತ್ತೆಯ ದನಿ ಬಂತು. "ಅಪ್ಪನಿಗೆ ತಕ್ಕ ಮಗ ಕಣೋ ನೀನು. ಆ ಕಟ್ಟೆ ಕಟ್ಟಿಸಿದ ದಿನ ನಿಮ್ಮಪ್ಪನೂ ಹೀಗೇ ಬಂದು ನಿಂತಿದ್ರು, ಎದೆ ಸೆಟೆಸ್ಕೊಂಡು. ಸಾಯೋ ತನಕ ಒಂದು ಲೋಟ ನೀರು ಬಿಸಿ ಮಾಡ್ಕೊಂಡವರಲ್ಲ."

ಸೊಸೆ ತಿರುಗಿ ನೋಡಿದಳು. ಆ ಕಟ್ಟೆ ಯಾರ ಅಳತೆ ಎಂದು ಅವಳಿಗೆ ಗೊತ್ತಾದದ್ದು ಅವತ್ತೇ.

"ಅದಕ್ಕೀಗ ಏನಮ್ಮ?" ಎಂದ ಗಂಡ.

"ಏನೂ ಇಲ್ಲ. ಉಣ್ಣೋನಿಗೆ ತಟ್ಟೆ ಎತ್ತರ ಗೊತ್ತಿದ್ರೆ ಸಾಕು. ಸರಿ ಆಚೆ."

ಮೇಸ್ತ್ರಿ ನಗು ತಡೆಯಲು ಟೇಪನ್ನೇ ದಿಟ್ಟಿಸಿದ. ಗಂಡ ಅಂಗಿಗೆ ಅಂಟಿದ ಸುಣ್ಣ ಕೊಡವುತ್ತಾ ಸರಿದ. ಸೊಸೆ ಹೋಗಿ ನಿಂತಳು, ಮೊಣಕೈ ಮಡಚಿದಳು. ಮೇಸ್ತ್ರಿ ಬೆರಳಿಟ್ಟು ಎಣಿಸಿದ, ಟೇಪ್ ಎಳೆದ. "ಮೂವತ್ತೊಂದು," ಎಂದು ಗೋಡೆಯ ಮೇಲೆ ಗೆರೆ ಹಾಕಿ, ಕಲಸಿಟ್ಟ ಗಾರೆಯ ಕಡೆ ಹೊರಟ.

"ತಡಿಯಪ್ಪ." ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದರು. ಚಪ್ಪಲಿ ಬಿಟ್ಟು, ಸೊಸೆಯ ಪಕ್ಕ ಗೋಡೆಗೆ ಬೆನ್ನು ತಾಗಿಸಿ, ಆದಷ್ಟು ನೆಟ್ಟಗೆ ನಿಂತರು. "ನಂದೂ ಒಂದು ಗೆರೆ ಹಾಕು."

"ನೀವು ಇನ್ನೂ ಅಡುಗೆ ಮಾಡ್ತೀರಾ ಅಜ್ಜಿ?"

"ಎಲ್ಲಿ ಮಾಡ್ಲಪ್ಪ, ಕೈ ನಡುಗುತ್ತೆ. ನಂಗೆ ಎಷ್ಟೆತ್ತರ ಬೇಕಿತ್ತು ಅಂತ ಒಂದ್ಸಲ ನೋಡ್ಬೇಕು."